ಪಾಯಸದಲ್ಲಿ ತೇಲಿದ ಆಫ್ರಿಕಾ

ತುಪ್ಪದಲ್ಲಿ ಹುರಿದು ಅಂಚು ಕೆಂಪಗಾದ ಒಂದು ಗೋಡಂಬಿ ನಿಮ್ಮ ಶ್ಯಾವಿಗೆ ಪಾಯಸದ ಮೇಲೆ ತೇಲುತ್ತಿದೆ ಎನ್ನಿ. ಬಾಯಿಗೆ ಹಾಕುವ ಮೊದಲು ಒಂದೇ ಪ್ರಶ್ನೆ: ಇದು ಎಲ್ಲಿಯದು? ಮಂಗಳೂರಿನದು ಎನ್ನುತ್ತೀರಿ. ತಪ್ಪೇನಿಲ್ಲ. ಸಿಪ್ಪೆ ಒಡೆದದ್ದು ಕಾರ್ಕಳದಲ್ಲೋ ಪುತ್ತೂರಿನಲ್ಲೋ ಇದ್ದೀತು, ಡಬ್ಬಿಗೆ ತುಂಬಿದ್ದು ಮಂಗಳೂರಿನಲ್ಲೇ ಇದ್ದೀತು. ಆದರೆ ಮರದಿಂದ ಉದುರಿದ್ದು? ಸೋಜಿಗ ಇರುವುದೇ ಅಲ್ಲಿ! ಅದು ಅಟ್ಲಾಂಟಿಕ್ ಕಡಲಂಚಿನ ಗಿನಿ-ಬಿಸ್ಸಾವ್‌ನ ಯಾವುದೋ ಹಿತ್ತಿಲಲ್ಲಿ ಬಿದ್ದದ್ದಿರಬಹುದು. ಐವರಿ ಕೋಸ್ಟಿನ ಉತ್ತರದ ಒಣ ಬಯಲಿನದಿರಬಹುದು. ತಾಂಜಾನಿಯಾದ ಮ್ತ್ವಾರಾ ಬಂದರಿನಿಂದ ಹಡಗು ಹತ್ತಿದ್ದಿರಬಹುದು. ನಮ್ಮ ದೇಶದ ಕಾರ್ಖಾನೆಗಳು ಒಡೆಯುವ ಗೇರುಬೀಜದಲ್ಲಿ ಸರಿಸುಮಾರು ಅರ್ಧದಷ್ಟು, ಕೆಲವು ವರ್ಷ ಅದಕ್ಕಿಂತಲೂ ಹೆಚ್ಚು, ಹೊರದೇಶದ್ದು. ಅದರಲ್ಲಿ ಸಿಂಹಪಾಲು ಆಫ್ರಿಕಾದ್ದು.

ಎರಡು ಬೆರಳ ನಡುವೆ ಹಿಡಿಯುವ ಈ ಬಿಳಿ ತಿರುಳಿನ ಹಿಂದೆ ಹೋದರೆ ಒಂದು ಇಡೀ ಲೋಕ ತೆರೆದುಕೊಳ್ಳುತ್ತದೆ. ಬಡ ದೇಶಗಳು ಶ್ರೀಮಂತ ದೇಶಗಳಿಗೆ ಮಾರುತ್ತವೆ, ಶ್ರೀಮಂತರಿಂದ ಕೊಳ್ಳುತ್ತವೆ ಎಂದು ಶಾಲೆಯಲ್ಲಿ ಓದಿದೆವಲ್ಲ, ಆ ಪಾಠದಲ್ಲಿ ಇಲ್ಲದ ಲೋಕ ಇದು. ಇಲ್ಲಿ ಲಂಡನ್ ಇಲ್ಲ, ನ್ಯೂಯಾರ್ಕ್ ಇಲ್ಲ. ಬಿಸ್ಸಾವ್‌ನಿಂದ ಮಂಗಳೂರಿಗೆ, ಮೊಜಾಂಬಿಕ್‌ನ ನಂಪುಲಾದಿಂದ ಕೊಲ್ಲಂಗೆ, ಐವರಿ ಕೋಸ್ಟಿನ ಅಬಿಜಾನ್‌ನಿಂದ ವಿಯೆಟ್ನಾಂನ ಹೋ ಚಿ ಮಿನ್ ನಗರಕ್ಕೆ ನೇರ ದಾರಿ!

ಮೊದಲು ಮರದ ಕಥೆ ಕೇಳಿ. ಗೇರು ನಮ್ಮದೇ ಎಂದು ಕರಾವಳಿಯ ಯಾರನ್ನು ಕೇಳಿದರೂ ಎದೆ ತಟ್ಟಿ ಹೇಳುತ್ತಾರೆ. ಗುಡ್ಡೆಯ ಮೇಲೆ ತಾನೇ ತಾನಾಗಿ ಬೆಳೆದದ್ದು, ಮಕ್ಕಳು ಹಣ್ಣು ಕಚ್ಚಿ ಅಂಗಿಯೆಲ್ಲ ಕಲೆ ಮಾಡಿಕೊಳ್ಳುವುದು, ಒಣಗಿದ ತರಗೆಲೆ ಒಟ್ಟಿ ಬೀಜ ಸುಡುವುದು, ಇದೆಲ್ಲ ಅನಾದಿಯಿಂದ ಇತ್ತೇನೋ ಅನಿಸುತ್ತದೆ. ಆದರೆ ಗೇರಿನ ತವರು ಬ್ರೆಜಿಲ್‌ನ ಈಶಾನ್ಯ ಕರಾವಳಿ. 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಗೋವೆಗೆ ತಂದರು. ಅದೇ ಶತಮಾನದಲ್ಲಿ ಅವರದೇ ಕೈಯಿಂದ ಮೊಜಾಂಬಿಕ್‌ನ ಮರಳು ದಂಡೆಗೂ ಹೋಯಿತು. ಅಂದರೆ ನಮ್ಮ ಪಡುಬಿದ್ರಿಯ ಗೇರುಮರಕ್ಕೂ ಮೊಜಾಂಬಿಕ್‌ನ ಅಂಗೋಚೆಯ ಗೇರುಮರಕ್ಕೂ ಅಜ್ಜಿ ಒಬ್ಬಳೇ!

ಅದೇ ಪೋರ್ಚುಗೀಸ್ ಹಡಗುಗಳ ತಳದಲ್ಲಿ ಇನ್ನೊಂದು ಸರಕೂ ಇತ್ತು ಎನ್ನುವುದನ್ನು ಮರೆಯಬಾರದು. ಆಫ್ರಿಕಾದ ಪೂರ್ವ ದಂಡೆಯಿಂದ ಗೋವೆಗೆ ಗುಲಾಮರಾಗಿ ಬಂದ ಜನರ ಸಂತತಿಯೇ ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಕನ್ನಡ, ಕೊಂಕಣಿ ಮಾತಾಡುತ್ತ ಬದುಕಿರುವ ಸಿದ್ದಿಯರು. ಗೇರು ಬಂದ ದಾರಿಯಲ್ಲೇ ಅವರೂ ಬಂದರು. ಗೇರಿಗೆ ಸಿಕ್ಕ ಆದರ ಅವರಿಗೆ ಸಿಗಲಿಲ್ಲ ಎನ್ನುವುದು ಬೇರೆಯೇ ಲೇಖನದ ಮಾತು.

ಇತ್ತಲಿಂದ ಅತ್ತ ಹೋದದ್ದೂ ಉಂಟು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿತಲ್ಲ, ನೇತ್ರಾವತಿಯ ಮಣ್ಣಿನ ಆ ಕೆಂಪು ಹೆಂಚು ಪೂರ್ವ ಆಫ್ರಿಕಾದ ಮನೆಗಳ ಮಾಡಿಗೂ ಏರಿತು. ಅಲ್ಲಿ ಇವತ್ತಿಗೂ ಆ ಬಗೆಯ ಹೆಂಚಿಗೆ ಮಂಗಳೂರು ಹೆಂಚು ಎಂದೇ ಹೆಸರು. ಅವರ ತಲೆಯ ಮೇಲೆ ನಮ್ಮ ಮಣ್ಣು, ನಮ್ಮ ಬಾಯಲ್ಲಿ ಅವರ ಬೀಜ!

ಇನ್ನು ಋತುಗಳ ಚಮತ್ಕಾರ. ಇದನ್ನು ಯಾವ ಮಂತ್ರಿಯೂ ಯೋಜಿಸಲಿಲ್ಲ, ಯಾವ ಒಪ್ಪಂದದಲ್ಲೂ ಬರೆಯಲಿಲ್ಲ. ನಮ್ಮಲ್ಲಿ ಗೇರುಬೀಜ ಬೀಳುವುದು ಫೆಬ್ರುವರಿಯಿಂದ ಮೇವರೆಗೆ. ಮಳೆ ಹಿಡಿದರೆ ಮುಗಿಯಿತು, ಮತ್ತೆ ಮುಂದಿನ ವರ್ಷವೇ. ಆದರೆ ಕಾರ್ಖಾನೆಯ ಹೆಂಗಸರಿಗೆ ವರ್ಷವಿಡೀ ಕೂಲಿ ಬೇಕಲ್ಲ! ಪಶ್ಚಿಮ ಆಫ್ರಿಕಾದ ಕೊಯ್ಲು ಹೆಚ್ಚುಕಡಿಮೆ ನಮ್ಮ ಕಾಲಕ್ಕೇ ಬಂದರೂ ಆ ಬೀಜ ಒಣಗಿ, ಚೀಲ ಸೇರಿ, ಬಂದರು ಮುಟ್ಟಿ, ವಾರಗಟ್ಟಲೆ ಕಡಲಲ್ಲಿ ತೇಲಿ ಇಲ್ಲಿಗೆ ಬರುವಾಗ ನಮ್ಮಲ್ಲಿ ಆಟಿಯ ಮಳೆ. ಆ ದಾಸ್ತಾನು ಮುಗಿಯುತ್ತ ಬಂದಾಗ ಭೂಮಧ್ಯರೇಖೆಯ ಆಚೆ ಋತು ತಿರುಗಿರುತ್ತದೆ. ತಾಂಜಾನಿಯಾ, ಮೊಜಾಂಬಿಕ್‌ಗಳಲ್ಲಿ ಗೇರು ಬೀಳುವುದು ಅಕ್ಟೋಬರ್‌ನಿಂದ ಜನವರಿವರೆಗೆ. ದೀಪಾವಳಿ ಕಳೆದ ಮೇಲೆ ಆ ಸರಕು ಬರತೊಡಗುತ್ತದೆ. ಅದರ ಬೆನ್ನಿಗೇ ನಮ್ಮ ಗುಡ್ಡಗಳಲ್ಲಿ ಹೂ ಕಾಯಿಗಟ್ಟಿರುತ್ತದೆ. ಭೂಮಿ ಓರೆಯಾಗಿ ತಿರುಗುವುದರಿಂದ ಉಡುಪಿ ಜಿಲ್ಲೆಯ ಒಬ್ಬ ಹೆಂಗಸಿನ ನವೆಂಬರ್ ತಿಂಗಳ ಸಂಬಳ ಹುಟ್ಟುತ್ತದೆ ಎಂದರೆ ನಂಬುತ್ತೀರಾ? ನಂಬಲೇಬೇಕು.

ಈಗ ಒಂದು ಗೋದಾಮಿನೊಳಗೆ ಬನ್ನಿ. ಆಫ್ರಿಕಾದಿಂದ ಬಂದ ಗೋಣಿಚೀಲಗಳ ಗೋಡೆಯೇ ಎದ್ದಿದೆ. ಆ ಚೀಲವನ್ನೂ ಒಮ್ಮೆ ಮುಟ್ಟಿ ನೋಡಿ. ಆಫ್ರಿಕಾದ ಕೋಕೋ, ಗೇರುಬೀಜ ತುಂಬುವ ಸೆಣಬಿನ ಚೀಲ ಬಹಳಷ್ಟು ಬಾಂಗ್ಲಾದೇಶದ್ದು, ಭಾರತದ್ದು. ಬಂಗಾಳದ ನಾರು ಆಫ್ರಿಕಾಕ್ಕೆ ಖಾಲಿ ಹೋಗಿ ತುಂಬಿಕೊಂಡು ಬಂದಿದೆ! ಚೀಲಗಳ ಮಧ್ಯೆ ಅಲ್ಲಲ್ಲಿ ಕೊಳವೆಯಂಥ ಮೊನೆಗೋಲು ಚುಚ್ಚಿ ಒಂದಿಷ್ಟು ಬೀಜ ಹೊರಗೆಳೆಯುತ್ತಾರೆ. ಎಲ್ಲವನ್ನೂ ಬೆರೆಸಿ, ಪಾಲು ಮಾಡಿ, ಕೊನೆಗೆ ಒಂದು ಕಿಲೋ ತೂಗುತ್ತಾರೆ. ಮೊದಲು ಎಣಿಕೆ. ಕಿಲೋಗೆ 180 ಬೀಜವೋ 200 ಬೀಜವೋ, ಎಣಿಕೆ ಕಮ್ಮಿಯಾದಷ್ಟು ಬೀಜ ದಪ್ಪ. ಆಮೇಲೆ ಪ್ರತಿಯೊಂದನ್ನೂ ಕತ್ತರಿಯಂಥ ಸಣ್ಣ ಯಂತ್ರಕ್ಕೆ ಕೊಟ್ಟು ಉದ್ದಕ್ಕೆ ಸೀಳುತ್ತಾರೆ. ಕಟಕ್, ಕಟಕ್, ಕಟಕ್. ತುಂಬಿದ ಬಿಳಿ ತಿರುಳು ಒಂದು ಕಡೆ. ಚುಕ್ಕೆ ಬಿದ್ದದ್ದು ಇನ್ನೊಂದು ಕಡೆ. ಕಪ್ಪಾದದ್ದು, ಬೂಸಲು ಹಿಡಿದದ್ದು, ಒಳಗೆ ಏನೂ ಇಲ್ಲದ ಜೊಳ್ಳು, ಎಲ್ಲ ಬೇರೆ ಬೇರೆ ಗುಪ್ಪೆ. ಒಳ್ಳೆಯ ತಿರುಳಿನ ತೂಕಕ್ಕೆ ಚುಕ್ಕೆಯದರ ಅರ್ಧ ತೂಕ ಕೂಡಿಸುತ್ತಾರೆ.

ಮೊತ್ತ 272 ಗ್ರಾಂ ಬಂತು ಎನ್ನಿ. ಅದನ್ನು 80ರಿಂದ ಗುಣಿಸಿ 453.6ರಿಂದ ಭಾಗಿಸಿದರೆ 48. ಅಂದರೆ 80 ಕಿಲೋದ ಒಂದು ಚೀಲದಲ್ಲಿ 48 ಪೌಂಡ್ ತಿರುಳು. ಈ 48 ಎಂಬ ಅಂಕೆಯ ಮೇಲೆಯೇ ಹಡಗಿಗೆ ಹಡಗು ವ್ಯಾಪಾರ ನಿಂತಿದೆ. 47 ಬಂದರೆ ಬೆಲೆ ಇಳಿಸು ಎಂದು ಕೊಳ್ಳುವವನ ತಕರಾರು, 52 ಬಂದರೆ ಮಾರುವವನ ಮೀಸೆ ಮೇಲೆ. ಗಿನಿ-ಬಿಸ್ಸಾವ್‌ನ ಬೀಜಕ್ಕೆ 50ರ ಮೇಲೆಯೇ ಅಂಕೆ ಬರುವುದರಿಂದ ಅದಕ್ಕೆ ಪೇಟೆಯಲ್ಲಿ ಹೆಚ್ಚಿನ ಮರ್ಯಾದೆ. ಗಮನಿಸಿದಿರಾ? ಚೀಲ ಕಿಲೋ ಲೆಕ್ಕ, ತಿರುಳು ಪೌಂಡ್ ಲೆಕ್ಕ! ಬ್ರಿಟಿಷರು, ಫ್ರೆಂಚರು, ಪೋರ್ಚುಗೀಸರು ಗಂಟುಮೂಟೆ ಕಟ್ಟಿ ಅರ್ಧ ಶತಮಾನವೇ ಕಳೆದರೂ ಅವರ ತೂಕದ ಬಟ್ಟುಗಳು ಒಂದೇ ವಾಕ್ಯದಲ್ಲಿ ಇನ್ನೂ ಜೊತೆಯಾಗಿ ಕೂತಿವೆ. ಆ ವಾಕ್ಯವನ್ನು ಈಗ ಆಡುವವರು ಮಾತ್ರ ಮಂಗಳೂರಿನ ಕೊಂಕಣಿಗರು, ಕೊಲ್ಲಂನ ಮಲಯಾಳಿಗಳು, ಅಬಿಜಾನ್‌ನ ದಲ್ಲಾಳಿಗಳು.

ಗೋದಾಮಿನಿಂದ ಕಾರ್ಖಾನೆಗೆ. ಬೀಜವನ್ನು ಹಬೆಯಲ್ಲಿ ಬೇಯಿಸಿ ಆರಲು ಬಿಡುತ್ತಾರೆ. ಆಮೇಲೆ ಕಟಿಂಗ್. ಒಡೆಯುವ ಯಂತ್ರ ಮೇಜಿಗೆ ಬಿಗಿದಿರುತ್ತದೆ. ಗೇರುಬೀಜದ ಡೊಂಕಿಗೆ ಸರಿಯಾಗಿ ಬಾಗಿದ ಎರಡು ಅಲಗು, ಕಾಲಿಗೆ ಒಂದು ಪೆಡಲು, ಕೈಗೆ ಒಂದು ಹಿಡಿಕೆ. ಹೆಂಗಸು ಬೀಜವನ್ನು ಅಲಗಿನ ನಡುವೆ ಇಡುತ್ತಾಳೆ, ಪೆಡಲು ಒತ್ತುತ್ತಾಳೆ, ಹಿಡಿಕೆ ತಿರುಗಿಸುತ್ತಾಳೆ. ಸಿಪ್ಪೆ ಎರಡು ಹೋಳು. ತಿರುಳು ಇಡಿಯಾಗಿ ಹೊರಗೆ ಬರಬೇಕು. ಕೂದಲೆಳೆಯಷ್ಟು ಒತ್ತು ಹೆಚ್ಚಾದರೆ ತಿರುಳು ಎರಡಾಗುತ್ತದೆ, ಎರಡಾದರೆ ಬೆಲೆ ಬೀಳುತ್ತದೆ. ಸಿಪ್ಪೆಯ ಸೊನೆ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಕೈಗೆ ಎಣ್ಣೆ ಸವರಿಕೊಂಡೋ ಬೂದಿ ಮೆತ್ತಿಕೊಂಡೋ ಕೆಲಸ ಮಾಡುವ ಹೆಂಗಸರನ್ನು ಕರಾವಳಿಯ ಮೂರು ತಲೆಮಾರು ಕಂಡಿದೆ. ಆ ಸೊನೆಯೂ ವ್ಯರ್ಥವಲ್ಲ ಮಾರಾಯರೇ! ಸಿಪ್ಪೆ ಹಿಂಡಿ ತೆಗೆದ ಎಣ್ಣೆ ಬಣ್ಣಕ್ಕೆ, ರಾಳಕ್ಕೆ, ವಾಹನಗಳ ಬ್ರೇಕಿನ ಒಳಪದರಕ್ಕೆ ಹೋಗುತ್ತದೆ. ನೀವು ಘಾಟಿ ಇಳಿಯುವಾಗ ಬಸ್ಸನ್ನು ತಡೆದು ನಿಲ್ಲಿಸಿದ ಬ್ರೇಕಿನಲ್ಲಿ ಆಫ್ರಿಕಾದ ಯಾವುದೋ ಮರದ ಸೊನೆ ಇರಬಹುದು.

ಬೋರ್ಮಾ ಎಂಬ ಬಿಸಿಗೂಡಿನಲ್ಲಿ ಒಣಗಿಸಿ, ಒಳಸಿಪ್ಪೆ ಸುಲಿದು, ಕೊನೆಗೆ ಗ್ರೇಡಿಂಗ್. ಡಬ್ಲ್ಯು-180, ಡಬ್ಲ್ಯು-240, ಡಬ್ಲ್ಯು-320 ಎಂದು ಅಂಗಡಿಯಲ್ಲಿ ಕೇಳಿದ್ದೀರಲ್ಲ, ಆ ಅಂಕೆ ಒಂದು ಪೌಂಡಿಗೆ ಎಷ್ಟು ಇಡೀ ತಿರುಳು ಎಂಬ ಲೆಕ್ಕ. 180 ಎಂದರೆ ದೈತ್ಯ, 320 ಎಂದರೆ ಮದುವೆ ಮನೆಗೆ ಸಾಕು. ಪಾಯಸಕ್ಕೆ ಹೋಳೇ ಚೆನ್ನ ಎಂಬುದು ನನ್ನ ಖಾಸಗಿ ಮತ.

ಇಷ್ಟೆಲ್ಲ ನಡೆಯುವಾಗ ಬೀಜದ ಹುಟ್ಟೂರಿನಲ್ಲಿ ಏನಾಗುತ್ತಿರುತ್ತದೆ? ಗಿನಿ-ಬಿಸ್ಸಾವ್‌ಗೆ ಹೋಗೋಣ. 20 ಲಕ್ಷ ಚಿಲ್ಲರೆ ಜನರ ಪುಟ್ಟ ದೇಶ. ಅದರ ಸ್ವಾತಂತ್ರ್ಯ ಹೋರಾಟದ ನಾಯಕ ಅಮಿಲ್ಕಾರ್ ಕಬ್ರಾಲ್ ವೃತ್ತಿಯಿಂದ ಕೃಷಿ ವಿಜ್ಞಾನಿ. ಬಂದೂಕು ಹಿಡಿಯುವ ಮೊದಲು 1953ರಲ್ಲಿ ಊರೂರು ತಿರುಗಿ ಅಲ್ಲಿನ ಬೆಳೆಗಳ ಗಣತಿ ಮಾಡಿದ ಮನುಷ್ಯ. ಆತ ಕಂಡ ನಾಡು ಭತ್ತದ ನಾಡು. ಇವತ್ತು ಆ ದೇಶದ ರಫ್ತಿನಲ್ಲಿ 100ಕ್ಕೆ 90ರಷ್ಟು ಅಥವಾ ಅದಕ್ಕೂ ಹೆಚ್ಚು ಒಂದೇ ಸರಕು: ಒಡೆಯದ ಗೇರುಬೀಜ! ದೊಡ್ಡ ತೋಟದ ಧಣಿಗಳು ಕಡಿಮೆ. ಮನೆ ಮನೆಯ ಹಿಂದೆ ಗೇರು. ಹಣ್ಣಿನ ರಸ ಹಿಂಡಿ ಹುಳಿಬರಿಸಿ ಕುಡಿಯುತ್ತಾರೆ, ಗೋವೆಯವರ ಫೆನ್ನಿಯ ದಾಯಾದಿ ಎನ್ನಬಹುದು. ಬೀಜ ಮಾತ್ರ ಕೊಳ್ಳುವವನಿಗೆ ಮೀಸಲು. ಬಹುಕಾಲ ಅತಿ ದೊಡ್ಡ ಗಿರಾಕಿ ಭಾರತ.

ಅಲ್ಲಿನ ಹಳ್ಳಿಗಳಲ್ಲಿ ಬೀಜವನ್ನು ಎಷ್ಟೋ ಸಲ ದುಡ್ಡಿಗೆ ಮಾರುವುದಿಲ್ಲ, ಅಕ್ಕಿಗೆ ಕೊಡುತ್ತಾರೆ! ಒಂದು ಕಿಲೋ ಬೀಜಕ್ಕೆ ಇಷ್ಟು ಕಿಲೋ ಅಕ್ಕಿ ಎಂಬ ಸಾಟಿ. ಬೆಲೆ ಚೆನ್ನಾಗಿದ್ದ ವರ್ಷ ಸಮ ಸಮ, ಕೆಟ್ಟ ವರ್ಷ ಎರಡು ಕಿಲೋ ಬೀಜಕ್ಕೆ ಒಂದು ಕಿಲೋ ಅಕ್ಕಿ. ಆ ಅಕ್ಕಿ ಎಲ್ಲಿಯದು? ಏಷ್ಯಾದ್ದು. ಪಶ್ಚಿಮ ಆಫ್ರಿಕಾದ ಬಂದರುಗಳಿಗೆ ಅಕ್ಕಿ, ನುಚ್ಚಕ್ಕಿ ಸಾಗಿಸುವ ದೇಶಗಳ ಮುಂಚೂಣಿಯಲ್ಲಿ ಭಾರತ ಇದೆ. ಚೀಲ ನಮ್ಮ ಕಡೆಯದು, ಅಕ್ಕಿ ನಮ್ಮ ಕಡೆಯದು, ಬೀಜ ಅವರದು, ಕೂಲಿ ನಮ್ಮದು, ಬಾಯಿ ನಮ್ಮದು, ಹಸಿವು ಇಬ್ಬರದು. ಇದರಲ್ಲಿ ಯಾರಿಗೆ ಯಾರು ಉಪಕಾರ ಮಾಡಿದರು ಹೇಳಿ ನೋಡೋಣ!

ಇಷ್ಟು ಹತ್ತಿರದ ನಂಟಿನಲ್ಲಿ ಒಬ್ಬರಿಗೆ ಶೀತವಾದರೆ ಇನ್ನೊಬ್ಬರಿಗೆ ಸೀನು. 2020ರ ಮಾರ್ಚ್ ಕೊನೆಗೆ ನಮ್ಮಲ್ಲಿ ಲಾಕ್‌ಡೌನ್ ಬಿತ್ತು. ಗಿನಿ-ಬಿಸ್ಸಾವ್‌ನಲ್ಲಿ ಅದು ಗೇರು ಕೊಯ್ಲಿನ ಹೊತ್ತು. ಕೊಳ್ಳುವವರು ಹಿಂಜರಿದರು, ಬೆಲೆ ಕುಸಿಯಿತು. 2022ರ ಸೆಪ್ಟೆಂಬರ್‌ನಲ್ಲಿ ದೆಹಲಿ ನುಚ್ಚಕ್ಕಿ ರಫ್ತು ನಿಲ್ಲಿಸಿತು. 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯನ್ನೂ ತಡೆಯಿತು. ಇಲ್ಲಿ ಅದು ಪತ್ರಿಕೆಯ ಒಳಪುಟದ ಸುದ್ದಿ. ಪಶ್ಚಿಮ ಆಫ್ರಿಕಾದ ಅಡುಗೆಮನೆಗೆ ಅದು ಮುಖಪುಟ.

ತಾಂಜಾನಿಯಾದವರು ಇನ್ನೊಂದು ಹಾದಿ ಹಿಡಿದರು. ದಕ್ಷಿಣದ ಮ್ತ್ವಾರಾ, ಲಿಂಡಿ ಸೀಮೆಯಲ್ಲಿ 2007ರಿಂದ ಗೋದಾಮು ರಸೀತಿ ಪದ್ಧತಿ ಇದೆ. ರೈತ ತನ್ನ ಬೀಜವನ್ನು ಸಹಕಾರ ಸಂಘದ ಮೂಲಕ ಗೋದಾಮಿಗೆ ಹಾಕಿ ರಸೀತಿ ಪಡೆಯುತ್ತಾನೆ. ಭಾರತದವರೋ ವಿಯೆಟ್ನಾಂನವರೋ, ಕೊಳ್ಳುವವರು ಹರಾಜಿನಲ್ಲಿ ಬೆಲೆ ಕೂಗಬೇಕು. ನಮ್ಮ ಶಿವಮೊಗ್ಗ, ಶಿರಸಿಯ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸುವುದೇ ಬೇಡ, ಸಹಕಾರ ಸಂಘದ ಟೆಂಡರಿನ ಸೊಗಸೂ ಸಂಕಟವೂ ಅವರಿಗೆ ಗೊತ್ತು. 2018ರಲ್ಲಂತೂ ನಾಟಕವೇ ನಡೆಯಿತು. ವರ್ತಕರು ಹೇಳಿದ ಬೆಲೆಗೆ ರೈತರು ಒಪ್ಪಲಿಲ್ಲ. ಆಗಿನ ಅಧ್ಯಕ್ಷ ಜಾನ್ ಮಗುಫುಲಿ ಸಿಟ್ಟಿಗೆದ್ದು ಕಿಲೋಗೆ 3,300 ಶಿಲ್ಲಿಂಗ್ ದರದಲ್ಲಿ ಸರ್ಕಾರವೇ ಕೊಳ್ಳುತ್ತದೆ ಎಂದು ಘೋಷಿಸಿ ಸೈನ್ಯದ ಲಾರಿಗಳನ್ನು ಕಳಿಸಿದರು! ಗೇರುಬೀಜ ಹೊರಲು ಸೈನಿಕರು! ಕೊಂಡದ್ದನ್ನು ಮಾರುವುದು ಸೈನಿಕರ ಕೆಲಸವಲ್ಲವಲ್ಲ, ಮುಂದೆ ಸರ್ಕಾರ ಅದಕ್ಕೆ ಒದ್ದಾಡಿತು.

ಈ ಎಲ್ಲದರ ಮೇಲೆ ಒಂದು ದೊಡ್ಡ ಸಿದ್ಧಾಂತದ ಚಪ್ಪರವೂ ಇದೆ. 1964ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನ ಮೊದಲ ಬಾರಿಗೆ ಸೇರಿತು. ಅದರ ಮುಖ್ಯಸ್ಥ ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರೌಲ್ ಪ್ರೆಬಿಶ್. ಕಚ್ಚಾ ಮಾಲು ಮಾರುವ ದೇಶ ವರ್ಷ ವರ್ಷವೂ ಹೆಚ್ಚು ಮಾಲು ಕೊಟ್ಟು ಕಡಿಮೆ ಯಂತ್ರ ಕೊಳ್ಳಬೇಕಾಗುತ್ತದೆ ಎಂಬುದು ಆತನ ವಾದ. ಆ ವರ್ಷದ ಜೂನ್ 15ರಂದು ಅಲ್ಲಿ 77 ದೇಶಗಳು ಒಂದಾಗಿ ಜಿ-77 ಕಟ್ಟಿಕೊಂಡವು. ಎರಡನೇ ಸಮ್ಮೇಳನ 1968ರಲ್ಲಿ ನಮ್ಮ ದೆಹಲಿಯಲ್ಲೇ ನಡೆಯಿತು. 1988ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಅಭಿವೃದ್ಧಿಶೀಲ ದೇಶಗಳು ಪರಸ್ಪರ ಸುಂಕ ಇಳಿಸುವ ಒಪ್ಪಂದಕ್ಕೆ ಸಹಿ ಹಾಕಿದವು, ಮರುವರ್ಷ ಅದು ಜಾರಿಗೂ ಬಂತು. ಇವೆಲ್ಲ ಭಾಷಣಗಳ ಕಾಲ, ಬೇಗ ದಾಟಿಬಿಡೋಣ. ನನ್ನ ಕಣ್ಣು ಅರಳಿದ್ದು 2008ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ನಡೆದ ಮೊದಲ ಭಾರತ-ಆಫ್ರಿಕಾ ಶೃಂಗಸಭೆಯ ಹತ್ತಿರ. ಅತಿ ಹಿಂದುಳಿದ ದೇಶಗಳ ಸರಕಿಗೆ ಸುಂಕ ತೆಗೆಯುತ್ತೇವೆ ಎಂದು ಪ್ರಧಾನಿ ಮನಮೋಹನ್ ಸಿಂಗ್ ಘೋಷಿಸಿದರು. ಹತ್ತಿ, ಕೋಕೋ, ತಾಮ್ರದ ಅದಿರು ಎಂದು ಅವರು ಪಟ್ಟಿ ಓದುತ್ತ ಹೋದಾಗ ನಡುವೆ ಗೇರುಬೀಜವೂ ಬಂತು! ಶೃಂಗಸಭೆಯ ಭಾಷಣದೊಳಗೆ ನಮ್ಮ ಗುಡ್ಡೆಯ ಗೇರುಬೀಜ! 2014ರಲ್ಲಿ ಆ ಯೋಜನೆ ಹಿಗ್ಗಿ ಸುಂಕಪಟ್ಟಿಯ 100ಕ್ಕೆ 98 ಸಾಲುಗಳವರೆಗೂ ಹೋಯಿತು.

ಇಲ್ಲಿಯವರೆಗೆ ಹಾಡಿ ಹೊಗಳಿದ್ದಾಯಿತು. ಈಗ ಮೊಜಾಂಬಿಕ್‌ನ ಕಥೆ ಹೇಳದೆ ಹೋದರೆ ಅನ್ಯಾಯವಾದೀತು.

1960ರ ದಶಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಗೇರು ಬೆಳೆಯುತ್ತಿದ್ದ ನಾಡು ಮೊಜಾಂಬಿಕ್. ಬೀಜವನ್ನು ಒಡೆಯಲು ತನ್ನದೇ ಕಾರ್ಖಾನೆಗಳನ್ನೂ ಅದು ಕಟ್ಟಿಕೊಂಡಿತ್ತು. ಸ್ವಾತಂತ್ರ್ಯ ಬಂತು, ಅದರ ಬೆನ್ನಿಗೇ ದೀರ್ಘ ಅಂತರ್ಯುದ್ಧ, ತೋಟಗಳು ಹಾಳುಬಿದ್ದವು. 1990ರ ದಶಕದ ನಡುವೆ ಸಾಲ ಬೇಕಿದ್ದರೆ ಕಚ್ಚಾ ಬೀಜದ ರಫ್ತಿನ ಮೇಲಿನ ನಿರ್ಬಂಧ ಸಡಿಲಿಸಿ ಎಂದು ವಿಶ್ವಬ್ಯಾಂಕ್ ಷರತ್ತು ಹಾಕಿತು. ಬಾಗಿಲು ತೆರೆದದ್ದೇ ತಡ, ಬೀಜ ಹೊರಗೆ ಹರಿಯಿತು. ಅಲ್ಲಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಸಾವಿರಾರು ಕಾರ್ಮಿಕರು ಬೀದಿಗೆ ಬಿದ್ದರು. ರೈತನಿಗಾದರೂ ಲಾಭವಾಯಿತೇ? ಅರ್ಥಶಾಸ್ತ್ರಜ್ಞ ಡಾನಿ ರಾಡ್ರಿಕ್ ಮತ್ತು ಸಂಗಡಿಗರು ಲೆಕ್ಕ ಹಾಕಿ ನೋಡಿದರು. ಸರಾಸರಿ ಗೇರು ರೈತನ ಮನೆಗೆ ಸಿಕ್ಕ ಹೆಚ್ಚುವರಿ ಆದಾಯ ವರ್ಷಕ್ಕೆ 5 ಡಾಲರ್ ಆಸುಪಾಸು!

ಆ ಬೀಜ ಹರಿದು ಬಂದದ್ದು ಎಲ್ಲಿಗೆ? ಭಾರತಕ್ಕೆ. ಅಲ್ಲಿ ಮುಚ್ಚಿದ ಬಾಗಿಲಿನ ಕೆಲಸ ಇಲ್ಲಿ ನಮ್ಮ ಕೊಲ್ಲಂ, ಮಂಗಳೂರುಗಳ ಕಡೆಗೆ ಬಂತು. ಇಲ್ಲಿನ ಹೆಂಗಸಿನ ತಪ್ಪೇನೂ ಇಲ್ಲ, ಅವಳಿಗೂ ಹೊಟ್ಟೆ ಇದೆ. ಆದರೆ ಬಡವರು ಬಡವರೊಡನೆ ವ್ಯಾಪಾರ ಮಾಡಿದ ಮಾತ್ರಕ್ಕೆ ಅದು ತಾನಾಗಿಯೇ ನ್ಯಾಯದ ವ್ಯಾಪಾರವಾಗಿಬಿಡುವುದಿಲ್ಲ. ಪ್ರೆಬಿಶ್ ಹೇಳಿದ ಮಾತು ಲಂಡನ್ನಿಗೆ ಸಲ್ಲುವಂತೆ ಮಂಗಳೂರಿಗೂ ಸಲ್ಲುತ್ತದೆ. ಮುಂದೆ ಮೊಜಾಂಬಿಕ್ ಕಚ್ಚಾ ಬೀಜದ ರಫ್ತಿನ ಮೇಲೆ ಮತ್ತೆ ತೆರಿಗೆ ಏರಿಸಿತು. ನಂಪುಲಾ ಪ್ರಾಂತ್ಯದಲ್ಲಿ ಹೊಸ ಸಣ್ಣ ಕಾರ್ಖಾನೆಗಳು ಎದ್ದವು. ಅವು ಹಳೆಯ ದೊಡ್ಡ ಯಂತ್ರಗಳ ಸಹವಾಸ ಬಿಟ್ಟು ಹಿಡಿದದ್ದು ಕೈಯಿಂದ ಒಂದೊಂದೇ ಬೀಜ ಸೀಳುವ ಹಾದಿಯನ್ನು. ನಮ್ಮ ಕರಾವಳಿಯ ಹೆಂಗಸರಿಗೆ ಹುಟ್ಟಿನಿಂದ ಗೊತ್ತಿರುವ ಹಾದಿ ಅದು.

ಕಥೆಯ ಅತಿ ದೊಡ್ಡ ತಿರುವು ವಿಯೆಟ್ನಾಂ. 1990ರ ದಶಕದ ಮೊದಲ ವರ್ಷಗಳಲ್ಲಿ ಅದು ತನ್ನ ಕಚ್ಚಾ ಬೀಜವನ್ನು ಭಾರತಕ್ಕೂ ಮಾರುತ್ತಿತ್ತು. ಆಮೇಲೆ ತಾನೇ ಒಡೆಯಲು ಕೂತಿತು, ಯಂತ್ರಗಳನ್ನು ತಾನೇ ರೂಪಿಸಿಕೊಂಡಿತು. 2006ರ ಹೊತ್ತಿಗೆ ಭಾರತವನ್ನು ಹಿಂದಿಕ್ಕಿ ಜಗತ್ತಿನಲ್ಲೇ ಅತಿ ಹೆಚ್ಚು ಗೋಡಂಬಿ ರಫ್ತು ಮಾಡುವ ದೇಶವಾಯಿತು! ಕಾಲು ಶತಮಾನವೂ ಬೇಕಾಗಲಿಲ್ಲ. ಈಗ ಅದೂ ಆಫ್ರಿಕಾದ ಬಾಗಿಲಲ್ಲಿ ನಮ್ಮ ಪಕ್ಕದಲ್ಲೇ ನಿಂತು ಬೀಜ ಕೊಳ್ಳುತ್ತದೆ, ನೆರೆಯ ಕಾಂಬೋಡಿಯಾದಿಂದಲೂ ಕೊಳ್ಳುತ್ತದೆ. ವಿಯೆಟ್ನಾಂ ಯಂತ್ರಗಳು ಐವರಿ ಕೋಸ್ಟಿನ ಕಾರ್ಖಾನೆಗಳಿಗೂ ತಲುಪಿವೆ. ಮಂಗಳೂರಿನವರಿಗೆ ಇದು ಹೊಟ್ಟೆಯುರಿಯ ಸಂಗತಿ. ನನಗಂತೂ ಇದು ರೋಮಾಂಚನದ ಸಂಗತಿ. ಇಂದು ಬೀಜ ಮಾರುವವನು ನಾಳೆ ಒಡೆಯುವವನಾಗಬಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಆ ಹೊತ್ತಿಗೆ ನಮ್ಮಲ್ಲೂ ಒಂದು ಬದಲಾವಣೆ ಸದ್ದಿಲ್ಲದೆ ಆಗಿಹೋಗಿತ್ತು. ಹಿಂದೆ ಆಫ್ರಿಕಾದ ಬೀಜ ಇಲ್ಲಿ ಒಡೆದು, ತಿರುಳು ಡಬ್ಬಿ ಸೇರಿ, ಅಮೆರಿಕ, ಯುರೋಪಿಗೆ ಹೋಗುತ್ತಿತ್ತು. ನಾವು ನಡುವಿನ ಕೂಲಿಯವರು. ಈಗ ಜಗತ್ತಿನಲ್ಲಿ ಅತಿ ಹೆಚ್ಚು ಗೋಡಂಬಿ ತಿನ್ನುವವರು ನಾವೇ! ಕಾಜು ಬರ್ಫಿ, ಹೋಟೆಲಿನ ಬಿಳಿ ಗ್ರೇವಿ, ಉಪ್ಪಿಟ್ಟಿನ ಒಗ್ಗರಣೆ, ದೀಪಾವಳಿಯ ಉಡುಗೊರೆ ಡಬ್ಬಿ, ಎಲ್ಲವೂ ಸೇರಿ ಆಫ್ರಿಕಾದ ರೈತನ ಕೊನೆಯ ಗಿರಾಕಿ ಈಗ ಬೆಂಗಳೂರಿನ ಮಲ್ಲೇಶ್ವರದಲ್ಲಿ ಇದ್ದಾನೆ, ನ್ಯೂಯಾರ್ಕಿನ ಬಾರಿನಲ್ಲಿ ಮಾತ್ರವಲ್ಲ.

ಗೋಡಂಬಿಯೊಂದೇ ಅಂದುಕೊಳ್ಳಬೇಡಿ, ಪಾಯಸಕ್ಕೂ ಮೊದಲು ಬಡಿಸಿದ ಸಾರನ್ನೂ ಕೇಳಿ ನೋಡಿ. ತೊಗರಿ ಎಂದರೆ ಕಲಬುರಗಿ, ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ, ನಿಜ. ಆದರೆ ನಮ್ಮ ಸಾರಿಗೆ ಕಲಬುರಗಿಯೊಂದೇ ಸಾಲದು. ಮ್ಯಾನ್ಮಾರ್, ಮಲಾವಿ, ತಾಂಜಾನಿಯಾ, ಮೊಜಾಂಬಿಕ್‌ಗಳಿಂದ ತೊಗರಿ ಬರುತ್ತದೆ. 2016ರ ಜುಲೈನಲ್ಲಿ ಭಾರತ ಮತ್ತು ಮೊಜಾಂಬಿಕ್ ಬೇಳೆಕಾಳಿನ ಒಪ್ಪಂದ ಮಾಡಿಕೊಂಡವು. ಮೊದಲ ವರ್ಷ 1 ಲಕ್ಷ ಟನ್, ಬರಬರುತ್ತ 2 ಲಕ್ಷ ಟನ್. ಅಲ್ಲಿನವರ ಅಡುಗೆಯಲ್ಲಿ ತೊಗರಿಗೆ ಅಂಥ ಜಾಗವಿಲ್ಲ, ಅವರು ಅದನ್ನು ಬೆಳೆಯುವುದೇ ನಮಗಾಗಿ! ಮರುವರ್ಷವೇ ನಮ್ಮಲ್ಲಿ ತೊಗರಿ ಭರಪೂರ ಬೆಳೆಯಿತು, ಕಲಬುರಗಿಯ ರೈತ ಬೆಲೆಯಿಲ್ಲದೆ ಕಂಗಾಲಾದ, ದೆಹಲಿ ಆಮದಿಗೆ ಮಿತಿ ಹಾಕಿತು. ಮೊಜಾಂಬಿಕ್‌ನಲ್ಲೂ ತೊಗರಿಯ ಬೆಲೆ ನೆಲಕಚ್ಚಿತು. ಒಂದೇ ವರ್ಷ, ಒಂದೇ ಬೆಳೆ, ಎರಡು ಖಂಡಗಳಲ್ಲಿ ತಲೆಮೇಲೆ ಕೈಹೊತ್ತು ಕುಳಿತ ರೈತರು. ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿಲ್ಲ.

ಈಗ ಆಫ್ರಿಕಾ ಸುಮ್ಮನೆ ಕೂತಿಲ್ಲ. ಐವರಿ ಕೋಸ್ಟ್ 1960ರ ದಶಕದಲ್ಲಿ ಉತ್ತರದ ಮಣ್ಣು ಕೊಚ್ಚಿಹೋಗದಿರಲಿ ಎಂದು ನೆಟ್ಟ ಗೇರು ಇಂದು ವರ್ಷಕ್ಕೆ 10 ಲಕ್ಷ ಟನ್ ಬೀಜ ಕೊಡುವ ಬೆಳೆಯಾಗಿ ಆ ದೇಶವನ್ನು ಜಗತ್ತಿನ ಮೊದಲ ಸ್ಥಾನಕ್ಕೆ ಏರಿಸಿದೆ. ಮಣ್ಣು ಹಿಡಿಯಲು ನೆಟ್ಟ ಮರ ದೇಶವನ್ನೇ ಹಿಡಿಯಿತು! ಅಲ್ಲಿ ಸ್ವಂತ ಕಾರ್ಖಾನೆಗಳಿಗೆ ಸರ್ಕಾರದ ಉತ್ತೇಜನ ಇದೆ. ಬೆನಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2024ರ ಏಪ್ರಿಲ್ 1ರಿಂದ ಒಡೆಯದ ಗೇರುಬೀಜದ ರಫ್ತನ್ನೇ ನಿಷೇಧಿಸಿತು. ನಮ್ಮ ಬೀಜ ನಮ್ಮ ಗ್ಲೋ-ಜಿಗ್ಬೆ ಕೈಗಾರಿಕಾ ವಲಯದಲ್ಲೇ ಒಡೆಯಲಿ ಎಂಬ ಹಟ. ಮೊದಮೊದಲು ಮುಗ್ಗರಿಸಬಹುದು. ತಪ್ಪು ಎನ್ನಲು ಮಾತ್ರ ನಮಗೆ ಬಾಯಿಲ್ಲ. ಹತ್ತಿ ಕೊಟ್ಟು ಬಟ್ಟೆ ಕೊಂಡು ಬಸವಳಿದು, ನಮ್ಮ ಹತ್ತಿ ನಾವೇ ನೂಲುತ್ತೇವೆ ಎಂದು ಚರಕ ಹಿಡಿದ ದೇಶ ನಮ್ಮದು.

ಹಾಗಾದರೆ ಕಾರ್ಕಳ, ಕುಂದಾಪುರದ ಕಟಿಂಗ್ ಮೇಜಿನ ಗತಿ? ಭಯಪಡುವವರು ಇದ್ದಾರೆ, ಅವರ ಭಯ ಸುಳ್ಳಲ್ಲ. ಆದರೆ ದಾರಿಯೂ ನಮ್ಮ ಹಿತ್ತಿಲಲ್ಲೇ ಇದೆ. ಪುತ್ತೂರಿನಲ್ಲಿ ಗೇರು ಸಂಶೋಧನೆಗೆಂದೇ ರಾಷ್ಟ್ರಮಟ್ಟದ ಕೇಂದ್ರವಿದೆ. ಉಳ್ಳಾಲದಲ್ಲಿ ಹೊಸ ತಳಿ ಹೊರತಂದ ಸಂಶೋಧನಾ ಕೇಂದ್ರವಿದೆ. ಮಂಗಳೂರಿನಲ್ಲಿ 1978ರಿಂದ ರಾಜ್ಯದ ಗೇರು ಅಭಿವೃದ್ಧಿ ನಿಗಮವಿದೆ. ತಳಿ, ಕಸಿ, ಯಂತ್ರ, ಸಿಪ್ಪೆ ಎಣ್ಣೆಯ ರಸಾಯನ, ಗ್ರೇಡಿಂಗ್ ಎಲ್ಲ ನಮ್ಮಲ್ಲಿದೆ, ಮೂರು ತಲೆಮಾರಿನ ಕೈಚಳಕವೂ ಇದೆ. ಪರದೇಶದ ಶಿಕ್ಷಣಾರ್ಥಿಗಳನ್ನು ಕರೆಸಿ ಕಲಿಸುವ ಸರ್ಕಾರಿ ಯೋಜನೆಯನ್ನು ಭಾರತ 1964ರಿಂದಲೇ ನಡೆಸಿಕೊಂಡು ಬಂದಿದೆ. ಇಂದು ಆಫ್ರಿಕಾದಿಂದ ಬೀಜ ತರಿಸುವ ಮಂಗಳೂರು ನಾಳೆ ಆಫ್ರಿಕಾಕ್ಕೆ ಯಂತ್ರವನ್ನೂ ವಿದ್ಯೆಯನ್ನೂ ಮಾರಬಹುದು. ಅಲ್ಲೇ ಪಾಲುದಾರಿಕೆಯಲ್ಲಿ ಕಾರ್ಖಾನೆ ಹಾಕಬಹುದು, ಅರೆಸಿದ್ಧ ತಿರುಳು ತರಿಸಿ ಇಲ್ಲಿ ಹುರಿದು, ಮಸಾಲೆ ಹಚ್ಚಿ, ಮಾರುಕಟ್ಟೆಗೆ ಬಿಡಬಹುದು. ಇಲ್ಲಿನ ಹೆಂಗಸಿಗೆ ಸೊನೆಯಿಂದ ಸುಡುವ ಕೆಲಸ ತಪ್ಪಿ ಅದಕ್ಕಿಂತ ಹೆಚ್ಚು ಕೂಲಿಯ ಕೆಲಸ ಸಿಗಬೇಕಾದರೆ ದಾರಿ ಅದೇ. ವಿಯೆಟ್ನಾಂ ಈಗಾಗಲೇ ಆ ದಾರಿಯಲ್ಲಿ ಒಂದು ಕಾಲಿಟ್ಟಿದೆ.

ಆದ್ದರಿಂದ ಮಂಗಳೂರಿನ ಉದ್ಯಮಿಗಳಿಗೆ, ದೆಹಲಿಯ ವಾಣಿಜ್ಯ ಸಚಿವಾಲಯಕ್ಕೆ ಹೇಳಬೇಕಾದದ್ದು ಇಷ್ಟೇ. ಬೆನಿನ್ ಬಾಗಿಲು ಹಾಕಿತೆಂದು ಮುನಿಯಬೇಡಿ, ಗಿನಿ-ಬಿಸ್ಸಾವ್‌ನಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತದೆಂದು ಹಿಗ್ಗಬೇಡಿ. ಮುಂದಿನ ಹಡಗಿನಲ್ಲಿ ಖಾಲಿ ಗೋಣಿಚೀಲದ ಜೊತೆಗೆ ಒಂದಿಷ್ಟು ಕಟಿಂಗ್ ಯಂತ್ರ, ಅದನ್ನು ಕಲಿಸಬಲ್ಲ ಕಾರ್ಕಳದ ನಾಲ್ಕು ಹೆಂಗಸರು, ಪುತ್ತೂರಿನ ಇಬ್ಬರು ವಿಜ್ಞಾನಿಗಳು, ಇವರನ್ನೂ ಬಿಸ್ಸಾವ್‌ಗೆ ಕಳಿಸಿಕೊಡಿ.